ಓಲೆ ಎವಿನ್ರೂಡ್

ಓಲೆ ಎವಿನ್ರೂಡ್ (ಏಪ್ರಿಲ್ 19, 1877 – ಜುಲೈ 12, 1934) ನಾರ್ವೆ ಮೂಲದ ಅಮೆರಿಕನ್ ಸಂಶೋಧಕರು ಹಾಗೂ ಉದ್ಯಮಿ. ದೋಣಿಯ ಹಿಂಬದಿಗೆ ಸಿಕ್ಕಿಸಿ, ಬೇಕಾದಾಗ ಕಳಚಿಡಬಹುದಾದ ಔಟ್‌ಬೋರ್ಡ್ ಮೋಟಾರನ್ನು ವಾಣಿಜ್ಯಿಕವಾಗಿ ಯಶಸ್ವಿಗೊಳಿಸಿದವರಲ್ಲಿ ಅವರು ಮೊದಲಿಗರೆಂದು ಪರಿಗಣಿತರಾಗಿದ್ದಾರೆ. ಪತ್ನಿಯ ಆರೋಗ್ಯಕ್ಕಾಗಿ ತಮ್ಮದೇ ಹೆಸರಿನ ಸಂಸ್ಥೆಯನ್ನು ಬಿಟ್ಟುಕೊಟ್ಟ ಅವರು, ಮುಂದೆ ಆ ಹೆಸರಿನ ವಿರುದ್ಧವೇ ಮಾರುಕಟ್ಟೆಯಲ್ಲಿ ಸ್ಪರ್ಧಿಸಬೇಕಾಯಿತು.

ಜನನ ಮತ್ತು ಬಾಲ್ಯ

ಎವಿನ್ರೂಡ್ ಅವರು ನಾರ್ವೆಯ ಯೋವಿಕ್ ಪಟ್ಟಣದ ಸಮೀಪ ರೈತ ಕುಟುಂಬದಲ್ಲಿ ಜನಿಸಿದರು. 1880ರ ದಶಕದ ಆರಂಭದಲ್ಲಿ ಕುಟುಂಬವು ಅಮೆರಿಕಕ್ಕೆ ವಲಸೆ ಹೋಗಿ, ವಿಸ್ಕಾನ್ಸಿನ್ ರಾಜ್ಯದ ಕೇಂಬ್ರಿಜ್ ಬಳಿ ನೆಲೆಸಿತು. ಅಲ್ಲಿನ ರಿಪ್ಲಿ ಸರೋವರದ ಸಮೀಪದಲ್ಲಿ ಬೆಳೆದ ಅವರಿಗೆ ದೋಣಿಗಳ ಮೇಲೆ ಚಿಕ್ಕಂದಿನಲ್ಲೇ ಒಲವು ಮೂಡಿತು. ಹದಿಹರೆಯದಲ್ಲಿ ಅವರು ಸ್ವತಃ ಒಂದು ಹಾಯಿದೋಣಿಯನ್ನು ನಿರ್ಮಿಸಿದ್ದರು.

ಅವರಿಗೆ ದೊರೆತ ಶಾಲಾ ಶಿಕ್ಷಣ ಅಲ್ಪವಾಗಿತ್ತು. ಹದಿನಾರನೆಯ ವಯಸ್ಸಿಗೆ ಮ್ಯಾಡಿಸನ್ ನಗರಕ್ಕೆ ತೆರಳಿ ಯಂತ್ರೋಪಕರಣಗಳ ಅಂಗಡಿಗಳಲ್ಲಿ ದುಡಿಯುತ್ತಾ, ಎಂಜಿನಿಯರಿಂಗ್ ವಿಷಯಗಳನ್ನು ತಾವೇ ಓದಿ ಕಲಿತರು. ಬಳಿಕ ಮಿಲ್ವಾಕೀ, ಪಿಟ್ಸ್‌ಬರ್ಗ್ ಮತ್ತು ಷಿಕಾಗೋ ನಗರಗಳಲ್ಲಿ ಯಂತ್ರ ಕುಶಲಕರ್ಮಿಯಾಗಿ ಕೆಲಸ ಮಾಡಿದರು.

ಆರಂಭಿಕ ಉದ್ಯಮ

1900ರ ಸುಮಾರಿಗೆ ಎವಿನ್ರೂಡ್ ಅವರು ಪಾಲುದಾರರೊಂದಿಗೆ ಸೇರಿ, ಗ್ರಾಹಕರ ಬೇಡಿಕೆಗೆ ತಕ್ಕಂತೆ ಎಂಜಿನ್ ತಯಾರಿಸುವ ವ್ಯವಹಾರವನ್ನು ಮಿಲ್ವಾಕೀಯಲ್ಲಿ ಆರಂಭಿಸಿದರು. ಹಾರ್ಲೆ-ಡೇವಿಡ್ಸನ್ ಮೋಟಾರ್‌ಸೈಕಲ್‌ನ ನಿರ್ಮಾತೃಗಳಿಗೆ ಅವರ ಆರಂಭದ ಪ್ರಯೋಗಗಳಲ್ಲಿ ಎವಿನ್ರೂಡ್ ನೆರವಾಗಿದ್ದರೆಂದು ಹೇಳಲಾಗುತ್ತದೆ. ತಾಂತ್ರಿಕ ಪರಿಣತಿ ಇದ್ದರೂ ಲೆಕ್ಕಪತ್ರ ಮತ್ತು ಪತ್ರವ್ಯವಹಾರದಲ್ಲಿ ಅವರಿಗೆ ಆಸಕ್ತಿ ಕಡಿಮೆಯಿತ್ತು. ಈ ಕೊರತೆಯನ್ನು ತುಂಬಿದವರು ಬೆಸ್ ಕ್ಯಾರಿ. ಇಬ್ಬರೂ 1906ರಲ್ಲಿ ವಿವಾಹವಾದರು. ಮರುವರ್ಷ ಪುತ್ರ ರಾಲ್ಫ್ ಜನಿಸಿದರು.

ಔಟ್‌ಬೋರ್ಡ್ ಮೋಟಾರ್

ಮೋಟಾರಿನ ಹುಟ್ಟಿನ ಬಗ್ಗೆ ಒಂದು ಕಥೆ ಪ್ರಸಿದ್ಧವಾಗಿದೆ. ಬೇಸಿಗೆಯ ಒಂದು ದಿನ ಓಕಾಚೀ ಸರೋವರದ ದಡದಲ್ಲಿ ವಿಹಾರಕ್ಕೆ ಬಂದಿದ್ದಾಗ ಬೆಸ್ ಐಸ್‌ಕ್ರೀಮ್ ಬಯಸಿದರು. ಅದನ್ನು ತರಲು ಎವಿನ್ರೂಡ್ ಸುಮಾರು 4 ಕಿ.ಮೀ. ದೂರ ಹುಟ್ಟುಹಾಕುತ್ತಾ ಹೋದರು. ಮರಳಿ ಬರುವಷ್ಟರಲ್ಲಿ ಐಸ್‌ಕ್ರೀಮ್ ಕರಗಿಹೋಗಿತ್ತು. ದೋಣಿಗೆ ಎಂಜಿನ್ ಜೋಡಿಸುವ ಆಲೋಚನೆ ಅಂದೇ ಮೊಳೆಯಿತು ಎನ್ನುತ್ತಾರೆ.

ಇಂತಹ ಮೋಟಾರನ್ನು ಕಲ್ಪಿಸಿದವರಲ್ಲಿ ಎವಿನ್ರೂಡ್ ಮೊದಲಿಗರಲ್ಲ. ಅವರಿಗೂ ಮುನ್ನ ಕ್ಯಾಮರಾನ್ ವಾಟರ್‌ಮನ್ ಎಂಬುವರು ಔಟ್‌ಬೋರ್ಡ್ ಮೋಟಾರನ್ನು ತಯಾರಿಸಿ ಮಾರಾಟಕ್ಕೆ ತಂದಿದ್ದರು. ಎವಿನ್ರೂಡ್ ಅವರ ಸಾಧನೆಯಿರುವುದು ಯಂತ್ರವನ್ನು ಸಾಮಾನ್ಯ ಬಳಕೆಗೆ ಒಗ್ಗುವಂತೆ ರೂಪಿಸಿದುದರಲ್ಲಿ. ಉಕ್ಕು ಮತ್ತು ಹಿತ್ತಾಳೆಯಿಂದ ತಯಾರಾದ ಅವರ ಮೋಟಾರು ಒಂದೇ ಸಿಲಿಂಡರಿನ, ಎರಡು-ಸ್ಟ್ರೋಕ್ ಎಂಜಿನ್ ಆಗಿತ್ತು. ಸಿಲಿಂಡರ್ ಅಡ್ಡಲಾಗಿದ್ದು, ಕ್ರ್ಯಾಂಕ್‌ಶಾಫ್ಟ್ ಲಂಬವಾಗಿತ್ತು. ಅದರ ತಿರುಗುವಿಕೆಯನ್ನು ನೀರಿನೊಳಗಿನ ಓರೆಹಲ್ಲಿನ ಗೇರುಗಳು ಅಡ್ಡಲಾಗಿರುವ ಪ್ರೊಪೆಲ್ಲರಿಗೆ ವರ್ಗಾಯಿಸುತ್ತಿದ್ದವು. ಸುಮಾರು 28 ಕಿಲೋಗ್ರಾಂ ತೂಕದ ಈ ಮೋಟಾರಿನ ಸಾಮರ್ಥ್ಯ 1.5 ಅಶ್ವಶಕ್ತಿ, ಬೆಲೆ 62 ಡಾಲರ್. ಮೊದಲ ಮಾದರಿಯನ್ನು ನೋಡಿದ ಬೆಸ್ ಅದನ್ನು ಕಾಫಿಬೀಜ ಪುಡಿಮಾಡುವ ಯಂತ್ರಕ್ಕೆ ಹೋಲಿಸಿದರಂತೆ.

1909ರಲ್ಲಿ ತಯಾರಿಕೆ ಆರಂಭವಾಯಿತು. ಪ್ರಯೋಗಕ್ಕೆಂದು ಮೋಟಾರನ್ನು ಕೊಂಡೊಯ್ದ ಸ್ನೇಹಿತರೊಬ್ಬರು ಹತ್ತು ಮೋಟಾರುಗಳ ಬೇಡಿಕೆಯೊಂದಿಗೆ ಮರಳಿದರು ಎನ್ನಲಾಗಿದೆ. ಬೆಸ್ ವ್ಯವಹಾರದ ಹೊಣೆ ಹೊತ್ತು, ಹುಟ್ಟುಗಳನ್ನು ಎಸೆದುಬಿಡುವಂತೆ ಕರೆಕೊಡುವ ಜಾಹೀರಾತನ್ನು ರಚಿಸಿದರು. ಸ್ಕ್ಯಾಂಡಿನೇವಿಯಾದ ಮೀನುಗಾರರಿಂದಲೂ ಬೇಡಿಕೆ ಬಂದಿತು. ಕ್ರಿಸ್ ಮೇಯರ್ ಎಂಬ ಉದ್ಯಮಿ ಬಂಡವಾಳ ಹೂಡಿ ಪಾಲುದಾರರಾದರು. 1911ರಲ್ಲಿ ಎವಿನ್ರೂಡ್ ಅವರಿಗೆ ಪೇಟೆಂಟ್ ದೊರೆಯಿತು.

ಸಂಸ್ಥೆಯ ತ್ಯಾಗ ಮತ್ತು ಎಲ್ಟೊ

ಬಿಡುವಿಲ್ಲದ ದುಡಿಮೆಯಿಂದ ಬೆಸ್ ಅವರ ಆರೋಗ್ಯ ಹದಗೆಟ್ಟಿತು. 1914ರಲ್ಲಿ ಎವಿನ್ರೂಡ್ ತಮ್ಮ ಪಾಲನ್ನು ಮೇಯರ್ ಅವರಿಗೆ ಮಾರಿ, ಪತ್ನಿ ಮತ್ತು ಪುತ್ರನೊಂದಿಗೆ ಪ್ರವಾಸ ಹೊರಟರು. ಐದು ವರ್ಷಗಳ ಕಾಲ ಔಟ್‌ಬೋರ್ಡ್ ಮೋಟಾರ್ ವ್ಯವಹಾರಕ್ಕೆ ಕೈಹಾಕುವುದಿಲ್ಲವೆಂಬುದು ಒಪ್ಪಂದದ ಷರತ್ತಾಗಿತ್ತು. ಎವಿನ್ರೂಡ್ ಎಂಬ ವ್ಯಾಪಾರನಾಮವೂ ಸಂಸ್ಥೆಯಲ್ಲೇ ಉಳಿಯಿತು.

ಬೆಸ್ ಚೇತರಿಸಿಕೊಂಡ ನಂತರ ಎವಿನ್ರೂಡ್ ಅವರು ಅಲ್ಯೂಮಿನಿಯಂ ಬಳಸಿ ಹಗುರವಾದ, ಎರಡು ಸಿಲಿಂಡರುಗಳ ಹೊಸ ಮೋಟಾರನ್ನು ವಿನ್ಯಾಸಗೊಳಿಸಿದರು. ಅದು 3 ಅಶ್ವಶಕ್ತಿ ನೀಡುತ್ತಿದ್ದರೂ ಸುಮಾರು 22 ಕಿಲೋಗ್ರಾಂ ಮಾತ್ರ ತೂಗುತ್ತಿತ್ತು. ಇದನ್ನು ಮೊದಲು ಮೇಯರ್ ಅವರಿಗೇ ತೋರಿಸಿದಾಗ ಅವರು ನಿರಾಕರಿಸಿದರು. ಆಗ ದಂಪತಿಗಳು ಹೊಸ ಸಂಸ್ಥೆಯನ್ನು ಕಟ್ಟಿದರು. ಸ್ವಂತ ಹೆಸರನ್ನು ಬಳಸುವಂತಿರದ ಕಾರಣ, ಎವಿನ್ರೂಡ್ ಲೈಟ್ ಟ್ವಿನ್ ಔಟ್‌ಬೋರ್ಡ್ ಎಂಬ ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ಅದಕ್ಕೆ ಎಲ್ಟೊ ಎಂದು ಹೆಸರಿಟ್ಟರು. 1921ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಎಲ್ಟೊ ಸುಲಭ ಚಾಲನೆಗೆ ಹೆಸರಾಯಿತು. ಇದೇ ಕಾಲದಲ್ಲಿ ಜಾನ್ಸನ್ ಸಹೋದರರ ಹಗುರ ಮೋಟಾರು ಪ್ರಬಲ ಪೈಪೋಟಿ ನೀಡಿತು.

1929ರಲ್ಲಿ ಎಲ್ಟೊ, ಎವಿನ್ರೂಡ್ ಮತ್ತು ಲಾಕ್‌ವುಡ್ ಸಂಸ್ಥೆಗಳು ವಿಲೀನಗೊಂಡು ಔಟ್‌ಬೋರ್ಡ್ ಮೋಟಾರ್ಸ್ ಕಾರ್ಪೊರೇಷನ್ ರಚನೆಯಾಯಿತು. ಎವಿನ್ರೂಡ್ ಅದರ ಅಧ್ಯಕ್ಷರಾದರು. ಹೀಗೆ ಹದಿನೈದು ವರ್ಷಗಳ ಬಳಿಕ ಅವರ ಹೆಸರು ಅವರ ಕೈಗೇ ಮರಳಿತು. ಆದರೆ ಅದೇ ವರ್ಷ ಆರಂಭವಾದ ಆರ್ಥಿಕ ಮಹಾಕುಸಿತವು ಸಂಸ್ಥೆಗೆ ಕಷ್ಟಕಾಲ ತಂದಿತು.

ಹಳೆಯ ಮೋಟಾರುಗಳ ನಿರ್ವಹಣೆ

ಎವಿನ್ರೂಡ್ ಅವರ ಕಾಲದ ಮೋಟಾರುಗಳನ್ನು ಸಂಗ್ರಾಹಕರು ಇಂದಿಗೂ ದುರಸ್ತಿಗೊಳಿಸಿ ಓಡಿಸುತ್ತಾರೆ. ಬಿಡಿಭಾಗಗಳು ಕಡಿಮೆಯಿದ್ದು, ಹೆಚ್ಚಿನವು ಹೊರಗಿನಿಂದಲೇ ಕಾಣುವುದರಿಂದ ಸಾಮಾನ್ಯ ಉಪಕರಣಗಳಿಂದಲೇ ಬಿಚ್ಚಿ ಜೋಡಿಸಬಹುದು. ಪರೀಕ್ಷೆಯು ಸಾಮಾನ್ಯವಾಗಿ ಕಿಡಿ, ಸಿಲಿಂಡರಿನ ಒತ್ತಡ ಮತ್ತು ಇಂಧನ ಪೂರೈಕೆ ಎಂಬ ಮೂರು ಅಂಶಗಳನ್ನು ಒಳಗೊಂಡಿರುತ್ತದೆ. ದೀರ್ಘಕಾಲ ನಿಂತ ಮೋಟಾರುಗಳಲ್ಲಿ ಕಿಡಿ ನಿಯಂತ್ರಿಸುವ ಪಾಯಿಂಟ್‌ಗಳಿಗೆ ಕಿಲುಬು ಹಿಡಿಯುವುದು, ಕಾಯಿಲ್‌ನ ನಿರೋಧಕ ಹೊದಿಕೆ ಬಿರಿಯುವುದು ಹಾಗೂ ಕಾರ್ಬ್ಯುರೇಟರಿನಲ್ಲಿ ಅಂಟು ಕಟ್ಟುವುದು ಸಾಮಾನ್ಯ.

ಎರಡು-ಸ್ಟ್ರೋಕ್ ಎಂಜಿನ್ನಿನಲ್ಲಿ ಇಂಧನದ ಮಿಶ್ರಣವು ಕ್ರ್ಯಾಂಕ್‌ಕೇಸಿನ ಒತ್ತಡದಿಂದಲೇ ಸಿಲಿಂಡರನ್ನು ಸೇರುತ್ತದೆ. ಆದ್ದರಿಂದ ಸವೆದ ಬೇರಿಂಗ್‌ಗಳ ಅಂಚಿನಲ್ಲಿ ಒತ್ತಡ ಸೋರಿದರೆ, ಕಿಡಿ ಚೆನ್ನಾಗಿದ್ದರೂ ಮೋಟಾರು ಚಾಲನೆಗೊಳ್ಳುವುದು ಕಷ್ಟ. ಪೆಟ್ರೋಲಿನೊಂದಿಗೆ ಬೆರೆಸುವ ಎಣ್ಣೆಯೇ ಕೀಲೆಣ್ಣೆಯೂ ಆಗಿರುತ್ತದೆ. ಇತ್ತೀಚಿನ ಎಂಜಿನ್ನುಗಳಿಗೆ 50:1 ಪ್ರಮಾಣ ಸಾಕಾದರೂ, ಹಳೆಯ ಸರಳ ಬೇರಿಂಗ್‌ಗಳಿಗೆ ಹೆಚ್ಚು ಎಣ್ಣೆ ಅಗತ್ಯ. ಅನೇಕರು 16:1 ಪ್ರಮಾಣವನ್ನು ಬಳಸುತ್ತಾರೆ. ನೀರಿನಿಂದ ತಂಪಾಗುವ ಈ ಮೋಟಾರನ್ನು ಒಣನೆಲದಲ್ಲಿ ಓಡಿಸಿದರೆ ಪಂಪು ಮತ್ತು ಸಿಲಿಂಡರಿಗೆ ಹಾನಿಯಾಗುತ್ತದೆ. ಆರಂಭದ ಮಾದರಿಗಳಲ್ಲಿ ಫ್ಲೈವೀಲಿನ ಮೇಲಿನ ಹಿಡಿಯನ್ನು ಕೈಯಿಂದ ತಿರುಗಿಸಿ ಚಾಲನೆ ಮಾಡಬೇಕಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಬೆರಳಿಗೆ ಪೆಟ್ಟಾಗುವ ಅಪಾಯವಿದ್ದುದರಿಂದ ಇಂದಿಗೂ ಅವುಗಳನ್ನು ಎಚ್ಚರಿಕೆಯಿಂದ ಬಳಸಬೇಕಾಗುತ್ತದೆ.

ನಿಧನ ಮತ್ತು ಪರಂಪರೆ

ಬೆಸ್ 1933ರಲ್ಲಿ ನಿಧನರಾದರು. ಮರುವರ್ಷ ಜುಲೈ 12ರಂದು ಎವಿನ್ರೂಡ್ ಅವರು ತಮ್ಮ 57ನೆಯ ವಯಸ್ಸಿನಲ್ಲಿ ಮಿಲ್ವಾಕೀಯಲ್ಲಿ ಕೊನೆಯುಸಿರೆಳೆದರು. ನಂತರ ರಾಲ್ಫ್ ಸಂಸ್ಥೆಯನ್ನು ಮುನ್ನಡೆಸಿದರು. 1936ರಲ್ಲಿ ಜಾನ್ಸನ್ ಸಂಸ್ಥೆಯೂ ಸೇರಿಕೊಂಡಿತು. ಮುಂದೆ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ ಎಂದು ಹೆಸರಾದ ಈ ಸಂಸ್ಥೆ 2000ರಲ್ಲಿ ದಿವಾಳಿಯಾಯಿತು. ಎವಿನ್ರೂಡ್ ವ್ಯಾಪಾರನಾಮವನ್ನು 2001ರಲ್ಲಿ ಕೆನಡಾದ ಬೊಂಬಾರ್ಡಿಯೇ ಸಂಸ್ಥೆ ಖರೀದಿಸಿತು. 2020ರಲ್ಲಿ ಈ ಹೆಸರಿನ ಔಟ್‌ಬೋರ್ಡ್ ಮೋಟಾರುಗಳ ತಯಾರಿಕೆ ನಿಂತಿತು.