ಸರ್ ಎಂವಿ ಕಂಡ ಕಾರ್ಖಾನೆ, ನಮ್ಮ ಹಿತ್ತಲಿನ ಫಾರ್ಗೋ

ಸೆಪ್ಟೆಂಬರ್ 15 ಬಂದರೆ ಸಾಕು, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಶಾಲೆಗಳಲ್ಲಿ ಅದೇ ನಾಲ್ಕು ಕಥೆ. ಬೀದಿ ದೀಪದ ಕೆಳಗೆ ಓದಿದ ಹುಡುಗ, ಎರಡು ಮೇಣದಬತ್ತಿ, ರೈಲಿನ ಹಳಿ, ಕನ್ನಂಬಾಡಿ ಕಟ್ಟೆ. ಸಂಜೆಯವರೆಗೂ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಪೇಟ ಹಾಕಿದ ಆ ಫೋಟೊ. ಆದರೆ ಇದೇ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಎಪ್ಪತ್ತು ದಾಟಿದ ಮೇಲೆ, ಕಾರು-ಲಾರಿಗಳನ್ನು ಭಾರತದಲ್ಲೇ ಮಾಡಬೇಕು ಅಂತ ಅಮೆರಿಕದವರೆಗೂ ಹೋಗಿ ಬಂದು, ಸರ್ಕಾರದ ಬಾಗಿಲು ಬಡಿದು ಬಡಿದು ಸೋತರಲ್ಲ, ಆ ಕಥೆಯನ್ನು ಯಾರೂ ಹೇಳಲ್ಲ. ಸೋಲಿನ ಕಥೆಗೆ ಶಾಲಾ ಭಾಷಣದಲ್ಲಿ ಜಾಗ ಇರಲ್ಲವೇನೋ.

ನಾನು ಆ ಕಥೆಯ ಬೆನ್ನು ಹತ್ತಿದ್ದು ಒಂದು ತಗಡಿನ ಫಲಕ ನೋಡಿ. ಕೈವಾರದಲ್ಲಿ ನಮ್ಮ ಮನೆ ಹಿತ್ತಲಲ್ಲಿ 1960ರ ದಶಕದ ಒಂದು ಫಾರ್ಗೋ ಪಿಕಪ್ ಇದೆ. ತಾತನ ಕಾಲದಲ್ಲಿ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತ ಗಾಡಿ. ಎರಡು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಅದನ್ನು ಬಿಚ್ಚೋದು, ಉಜ್ಜೋದು, ಜೋಡಿಸೋದು ಮಾಡ್ತಿದ್ದೀನಿ. ಡ್ಯಾಶ್‌ಬೋರ್ಡಿನ ಮೇಲಿನ ಐದು ಪದರ ಪೇಂಟ್ ಕೆರೆದಾಗ ಕಂಡ ಹೆಸರು: ಪ್ರೀಮಿಯರ್ ಆಟೋಮೊಬೈಲ್ಸ್, ಬೊಂಬಾಯಿ. ಆ ಕಂಪನಿಯ ಬೇರು ಹುಡುಕುತ್ತಾ ಹೋದರೆ ಸಿಗೋದು ಇಲ್ಲಿಂದ ಒಂದು ಗಂಟೆ ದಾರಿಯ ಮುದ್ದೇನಹಳ್ಳಿಯ ಮನುಷ್ಯ.

ಬದುಕಿನ ಮೊದಲರ್ಧ ಎಲ್ಲರಿಗೂ ಗೊತ್ತು, ಬೇಗ ಮುಗಿಸ್ತೀನಿ. ಹುಟ್ಟಿದ್ದು 1860ರ ದಶಕದ ಆರಂಭದಲ್ಲಿ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್. ಈ ವಿದ್ಯಾರ್ಥಿವೇತನದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. 1884ರಲ್ಲಿ ಬೊಂಬಾಯಿ ಸರ್ಕಾರದ ಕೆಲಸ, 1903ರಲ್ಲಿ ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟುಗಳು, 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ನೆರೆ ತಡೆಯೋ ಯೋಜನೆ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ. ಮೈಸೂರು ಬ್ಯಾಂಕು, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು, ಮೈಸೂರು ವಿಶ್ವವಿದ್ಯಾಲಯ, ಭದ್ರಾವತಿ ಕಬ್ಬಿಣದ ಕಾರ್ಖಾನೆಯ ತಯಾರಿ ಎಲ್ಲವೂ ಆರೇ ವರ್ಷದೊಳಗೆ.

ಇಲ್ಲಿ ನಿಧಾನಿಸಬೇಕು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ, ಸರ್ಕಾರಿ ನೌಕರಿ ತುಂಬಾ ಬ್ರಾಹ್ಮಣರೇ ಇದ್ದಾರೆ, ನಮಗೂ ಪಾಲು ಕೊಡಿ ಅಂತ ಮಹಾರಾಜರನ್ನು ಕೇಳಿತು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಶಿಕ್ಷಣ ಹರಡಲಿ, ನೌಕರಿ ಮಾತ್ರ ಅರ್ಹತೆಗೇ ಸಿಗಲಿ, ಇಲ್ಲದಿದ್ದರೆ ಆಡಳಿತ ಕುಸಿಯುತ್ತೆ ಅನ್ನೋದು ಅವರ ನಿಲುವು. ಹುದ್ದೆ ಬಿಟ್ಟರು. ಅವರ ಜಾಗಕ್ಕೆ ಬಂದವರು ಕಾಂತರಾಜ ಅರಸ್. ಮಿಲ್ಲರ್ ವರದಿ 1919ರಲ್ಲಿ ಬಂತು, ಕರ್ನಾಟಕದ ಮೀಸಲಾತಿಯ ಚರಿತ್ರೆ ಅಲ್ಲಿಂದ ಶುರುವಾಯ್ತು. ಆಡಳಿತವೇನೂ ಕುಸಿಯಲಿಲ್ಲ. ಸರ್ಕಾರದ ದುಡ್ಡು ಬೆನ್ನಿಗಿಲ್ಲದಿದ್ದರೆ ಮುದ್ದೇನಹಳ್ಳಿಯ ಆ ಬಡ ಹುಡುಗ ಪುಣೆ ಸೇರೋದು ಕಷ್ಟವಿತ್ತು ಅನ್ನೋದನ್ನ ಅಷ್ಟು ಓದಿದವರು ಹೇಗೆ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲವೋ. ಅವರ ಮೇಲೆ ನನಗಿರುವ ದೊಡ್ಡ ತಕರಾರು ಇದೇ.

ಆದರೆ ಕಾರಿನ ವಿಷಯದಲ್ಲಿ ಅವರೇ ಸರಿ. 1920-30ರ ದಶಕಗಳ ಸ್ಥಿತಿ ನೋಡಿ. ಜನರಲ್ ಮೋಟರ್ಸ್ 1928ರಲ್ಲೇ ಬೊಂಬಾಯಿಯಲ್ಲಿ ಶೆಡ್ ಹಾಕಿತ್ತು, ಫೋರ್ಡ್ ಕೂಡ ಬಂದಿತ್ತು. ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಹಡಗಿನಿಂದ ಬರೋವು, ಇಲ್ಲಿನವರು ಬೋಲ್ಟ್ ಬಿಗಿಯೋರು. ಎಂಜಿನ್ ಎರಕ ಹೊಯ್ಯೋ ವಿದ್ಯೆ, ಗೇರು ಕೊರೆಯೋ ಯಂತ್ರ ಹೊರಗೇ ಉಳೀತಿದ್ದವು. ಜೋಡಿಸೋದಕ್ಕೂ ತಯಾರಿಸೋದಕ್ಕೂ ಇರೋ ಈ ವ್ಯತ್ಯಾಸವನ್ನೇ ವಿಶ್ವೇಶ್ವರಯ್ಯ ಹಿಡಿದುಕೊಂಡರು. ಇವತ್ತು ಮೊಬೈಲು, ಎಲೆಕ್ಟ್ರಿಕ್ ಸ್ಕೂಟರುಗಳ ಬಗ್ಗೆ ನಾವು ಜಗಳ ಆಡ್ತಿರೋದೂ ಇದೇ ಪ್ರಶ್ನೆ ಇಟ್ಟುಕೊಂಡು.

ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕು ಅಂತ 1934ರಲ್ಲಿ ಪುಸ್ತಕ ಬರೆದರು. ಮಾರನೇ ವರ್ಷ ಯುರೋಪು, ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಬೊಂಬಾಯಿಗೆ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹಿರಾಚಂದ್ ಜೊತೆಯಾದರು. ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಬೆಂಬಲಕ್ಕೆ ಮುಂದಾಗಿತ್ತು. ಅಷ್ಟರಲ್ಲಿ 1939ರ ಯುದ್ಧ, ಕಾಂಗ್ರೆಸ್ ಸರ್ಕಾರಗಳ ರಾಜೀನಾಮೆ. ದೆಹಲಿಯ ಬ್ರಿಟಿಷ್ ಸರ್ಕಾರ ಯುದ್ಧಕ್ಕೆ ಈ ಕಾರ್ಖಾನೆ ಬೇಕಿಲ್ಲ ಅಂತ ಕೈತೊಳೆದುಕೊಂಡಿತು. ಮೈಸೂರಿನಲ್ಲಾದರೂ ಹಾಕೋಣ ಅಂದರೆ ದಿವಾನ ಮಿರ್ಜಾ ಇಸ್ಮಾಯಿಲ್ ಸಿದ್ಧರಿದ್ದರೂ ಅದಕ್ಕೂ ಅಡ್ಡಗಾಲು. ಯುದ್ಧಕ್ಕೆ ಲಾರಿ ಬೇಡ ಅಂದರೆ ನಂಬೋಕಾಗುತ್ತಾ? ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡೋಕಾಯ್ತು. ಇವತ್ತಿನ ಎಚ್‌ಎಎಲ್ ಅದೇ. ವಿಮಾನ ಆಗಬಹುದು, ಲಾರಿ ಆಗಬಾರದು.

ಕೊನೆಗೆ 1944ರಲ್ಲಿ ವಾಲ್‌ಚಂದ್ ಅಮೆರಿಕದ ಕ್ರೈಸ್ಲರ್ ಸಹಯೋಗದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದರು. 1947ರಿಂದ ಬೊಂಬಾಯಿಯ ಕುರ್ಲಾದಿಂದ ಡಾಡ್ಜ್, ಪ್ಲಿಮತ್, ಫಾರ್ಗೋ ಗಾಡಿಗಳು ಹೊರಬಂದವು. ಆಮೇಲೆ ಫಿಯೆಟ್, ಅದೇ ಮುಂದೆ ಪದ್ಮಿನಿ. ಯೋಜನೆ ಹಾಕಿದ ಮುದುಕನ ಹೆಸರು ಯಾವ ಗಾಡಿಯ ಮೇಲೂ ಬರಲಿಲ್ಲ.

ನಮ್ಮ ಗಾಡಿಯ ವಿಷಯಕ್ಕೆ ಬರ್ತೀನಿ. ಇದರ ಮೂಲ ಪೆಟ್ರೋಲ್ ಎಂಜಿನ್ ತಾತನ ಕಾಲಕ್ಕೇ ಹೋಗಿ, ಮದ್ರಾಸಿನ ಸಿಂಪ್ಸನ್ ಕಂಪನಿಯ ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂತಿದೆ. ಪೆಟ್ರೋಲ್ ಖರ್ಚು ತಾಳದೆ ಸಾವಿರಾರು ಜನ ಮಾಡಿದ್ದು ಇದನ್ನೇ. ಆದರೆ 2021ರ ಕೇಂದ್ರದ ನಿಯಮ ಏನಪ್ಪಾ ಅಂದರೆ, ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಬೇಕಿದ್ದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಗ್ಯಾರೇಜಿನಲ್ಲಿ ಬಟ್ಟೆ ಮುಚ್ಚಿಟ್ಟ ಶ್ರೀಮಂತರ ಕಾರು ಪರಂಪರೆ, ದುಡಿದು ಎಂಜಿನ್ ಬದಲಿಸಿಕೊಂಡ ರೈತನ ಗಾಡಿ ಗುಜರಿ. ಬಕಾಸುರನಿಗೆ ಭೀಮ ಬಂಡಿ ತುಂಬಾ ಅನ್ನ ಹೊಡೆದುಕೊಂಡು ಹೋದದ್ದು ನಮ್ಮೂರ ಬೆಟ್ಟಕ್ಕೇ ಅಂತಾರೆ. ಆ ಬಂಡಿಗೂ ಈಗ ಮೂಲ ಅಚ್ಚಿನ ದಾಖಲೆ ಕೇಳ್ತಿದ್ದರೇನೋ.

ಮುಂದಿನ ಚಕ್ರದ ಕಿಂಗ್‌ಪಿನ್ ಬುಷ್ ಅಂಗಡಿಯಲ್ಲಿ ಸಿಗಲ್ಲ. ಚಿಂತಾಮಣಿಯ ಒಂದು ಲೇತ್ ಶೆಡ್ಡಿನಲ್ಲಿ ಹಿತ್ತಾಳೆ ಗನ್‌ಮೆಟಲ್ ತಿರುಗಿಸಿ ಮಾಡಿಸಿದೆವು. ಕಮಾನು ಪಟ್ಟಿಗಳನ್ನು ಕುಲುಮೆಯಲ್ಲಿ ಕಾಯಿಸಿ ಮತ್ತೆ ಬಾಗಿಸಿದೆವು. ತುಕ್ಕು ತಿಂದ ನೆಲಕ್ಕೆ ಹೊಸ ತಗಡು, ಹಿಂದಿನ ತೊಟ್ಟಿಗೆ ಜಾಲಿ ಮರದ ಹಲಗೆ, ಡೈನಮೊ ಜಾಗಕ್ಕೆ ಆಲ್ಟರ್ನೇಟರ್, ಬ್ರೇಕಿಗೆ ವ್ಯಾಕ್ಯೂಮ್ ಬೂಸ್ಟರ್. ಅಂದಕ್ಕಿಂತ ಬ್ರೇಕಿಗೆ ಮೊದಲು ದುಡ್ಡು ಹಾಕಿ ಅಂತ ಹಳೆ ಗಾಡಿ ಎತ್ತಿಕೊಳ್ಳೋ ಎಲ್ಲರಿಗೂ ಹೇಳ್ತೀನಿ. ಇದನ್ನೆಲ್ಲ ಮಾಡಿಕೊಟ್ಟ ಮೇಸ್ತ್ರಿ ಏಳನೇ ಕ್ಲಾಸು ದಾಟಿಲ್ಲ. ಮೈಕ್ರೋಮೀಟರ್ ಇಲ್ಲದೆ ಬೆರಳಲ್ಲೇ ಸವೆತ ಹೇಳ್ತಾರೆ. 1918ರ ದಿವಾನರ ಅರ್ಹತೆಯ ಪಟ್ಟಿಯಲ್ಲಿ ಇವರು ಎಲ್ಲೂ ಬರ್ತಿರಲಿಲ್ಲ.

ಹಾಗಂತ ಅವರು ಕೈಕೆಲಸವನ್ನ ಕೀಳಾಗಿ ಕಂಡರು ಅಂದರೆ ತಪ್ಪಾಗುತ್ತೆ. ಭದ್ರಾವತಿ ಕಾರ್ಖಾನೆಯ ಅಧ್ಯಕ್ಷರಾಗಿದ್ದಕ್ಕೆ ಬರಬೇಕಿದ್ದ ಹಣವನ್ನು ಅವರು ಬೆಂಗಳೂರಿನಲ್ಲಿ ಕಸುಬು ಕಲಿಸೋ ಸಂಸ್ಥೆಗೆ ಬಿಟ್ಟುಕೊಟ್ಟರು. ಅದಕ್ಕೆ ತಮ್ಮ ಹೆಸರು ಇಡಲಿಲ್ಲ, ಜಯಚಾಮರಾಜೇಂದ್ರರ ಹೆಸರಾಯ್ತು. 1941ರಲ್ಲಿ ದೇಶದ ತಯಾರಕರ ಸಂಘಟನೆ ಕಟ್ಟಿದರು. ತೊಂಬತ್ತರ ಆಸುಪಾಸಿನಲ್ಲೂ ಹಳ್ಳಿಗಳ ಗುಂಪು ಮಾಡಿ ಸಣ್ಣ ಕೈಗಾರಿಕೆ ಹಾಕಿಸೋ ಯೋಜನೆ ಹಿಡಿದು ಓಡಾಡಿದರು.

1955ರಲ್ಲಿ ಭಾರತ ರತ್ನ ಬಂತು. ನೂರು ದಾಟಿ, 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ, ಹುಟ್ಟಿದ ಮನೆ ಮ್ಯೂಸಿಯಂ ಆಗಿದೆ. ಏಪ್ರಿಲ್ 14 ಅಂಬೇಡ್ಕರ್ ಜಯಂತಿ. ನಮ್ಮ ಕಡೆ ಆ ದಿನ ರಸ್ತೆ ತುಂಬಾ ನೀಲಿ ಬಾವುಟದ ಟ್ರ್ಯಾಕ್ಟರು, ಟೆಂಪೋಗಳ ಮೆರವಣಿಗೆ. ಅದೇ ದಿನ ಸರ್ ಎಂವಿ ತೀರಿಕೊಂಡದ್ದು ಅನ್ನೋದು ನಮ್ಮ ಮೇಸ್ತ್ರಿಗೆ ನಾನು ಹೇಳೋವರೆಗೂ ಗೊತ್ತಿರಲಿಲ್ಲ.