ಗಣಿತಾಚಾರ್ಯ ಮಹಾವೀರರು

ಕ್ರಿ. ಶ. 9ನೆಯ ಶತಮಾನದಲ್ಲಿ ಕನ್ನಡ ನಾಡನ್ನು ರಾಷ್ಟ್ರಕೂಟ ವಂಶದ ಅಮೋಘವರ್ಷ ನೃಪತುಂಗನು ಆಳುತ್ತಿದ್ದನು. ಆತನ ರಾಜಧಾನಿಯಾಗಿದ್ದ ಮಾನ್ಯಖೇಟವೇ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡವು. ಕನ್ನಡದಲ್ಲಿ ದೊರೆತಿರುವ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗವು ಆ ಅರಸನ ಆಸ್ಥಾನದಲ್ಲಿ ಹುಟ್ಟಿತೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಪಾಠದಲ್ಲಿ ಓದಿರುವರು. ಅದೇ ಅರಸನ ಕಾಲದಲ್ಲಿ, ಸುಮಾರು 850ರಲ್ಲಿ, ಗಣಿತಸಾರಸಂಗ್ರಹವೆಂಬ ಇನ್ನೊಂದು ಗ್ರಂಥವೂ ಹುಟ್ಟಿತು. ಅದನ್ನು ರಚಿಸಿದವರು ಜೈನ ಪಂಡಿತರಾದ ಮಹಾವೀರಾಚಾರ್ಯರು.

ಗ್ರಂಥದ ಆದಿಯಲ್ಲಿ ಆಚಾರ್ಯರು ಜಿನನನ್ನು ಸ್ತುತಿಸಿ, ತಮ್ಮ ಅರಸನನ್ನು ಹೊಗಳಿರುವರು. ತಮ್ಮ ತಾಯಿತಂದೆಗಳನ್ನಾಗಲಿ ಮನೆಮಾರನ್ನಾಗಲಿ ಹೇಳಿಕೊಳ್ಳಲಿಲ್ಲ. ಆದುದರಿಂದ ಅವರ ಬಾಳನ್ನು ಅವರ ಕೆಲಸದಲ್ಲಿಯೇ ಓದಬೇಕಾಗಿದೆ. ಉಪಾಧ್ಯಾಯರಾದವರಿಗೆ ಇದು ಹೊಸದಲ್ಲ. ಕಲಿಸಿದ ಪಾಠವೇ ಅವರ ಚರಿತ್ರೆಯಾಗಿ ಉಳಿಯುವುದು.

ಗ್ರಂಥವು ಸಂಸ್ಕೃತದಲ್ಲಿದೆ; 1100ಕ್ಕಿಂತ ಹೆಚ್ಚು ಪದ್ಯಗಳೂ 9 ಅಧ್ಯಾಯಗಳೂ ಉಳ್ಳದ್ದು. ಗಣಿತವು ಯಾವ ಯಾವ ಕಡೆ ಬೇಕಾಗುವುದೆಂದು ಆಚಾರ್ಯರು ಮೊದಲಲ್ಲಿಯೇ ವಿವರಿಸಿದ್ದಾರೆ. ಅರ್ಥಶಾಸ್ತ್ರ, ವೈದ್ಯ, ಸಂಗೀತ, ನಾಟಕ, ಛಂದಸ್ಸು, ಮನೆ ಕಟ್ಟುವ ವಿದ್ಯೆ ಇವುಗಳ ಜೊತೆಗೆ ಅಡಿಗೆಯ ಶಾಸ್ತ್ರವನ್ನೂ ಅವರು ಎಣಿಸಿರುವರು. ರಾಜಾಶ್ರಯದ ಪಂಡಿತರೊಬ್ಬರು ಅಡಿಗೆಮನೆಯನ್ನು ಮರೆಯದೆ ಹೋದದ್ದು ನಮಗೆ ಬಹಳ ಸಂತೋಷವನ್ನು ಉಂಟುಮಾಡುತ್ತದೆ.

ಅವರ ಬೋಧನಾ ಕ್ರಮವು ಹೀಗಿತ್ತು: ಮೊದಲು ಸೂತ್ರ, ಅದರ ಹಿಂದೆಯೇ ಉದಾಹರಣೆ. ಉದಾಹರಣೆಗಳು ಪೇಟೆ ಬೀದಿಯಿಂದ, ತೋಟದಿಂದ, ಅಕ್ಕಸಾಲೆಯ ಅಂಗಡಿಯಿಂದ ಬಂದವು. ಸಾಲದ ಬಡ್ಡಿ, ಚಿನ್ನಗಳ ಮಿಶ್ರಣ, ಗುಂಡಿ ತೋಡುವುದು, ಇಟ್ಟಿಗೆಯ ರಾಶಿ, ಮರ ಕೊಯ್ಯುವ ಕೂಲಿ, ನೆರಳಿನ ಅಳತೆ ಎಲ್ಲವೂ ಅಲ್ಲಿವೆ. ಒಂದು ಲೆಕ್ಕವನ್ನು ನೋಡಿರಿ. 9 ಮಾದಲ ಹಣ್ಣುಗಳಿಗೂ 7 ಬೇಲದ ಹಣ್ಣುಗಳಿಗೂ ಕೂಡಿ ಬೆಲೆ 107; 7 ಮಾದಲಕ್ಕೂ 9 ಬೇಲಕ್ಕೂ 101. ಹಾಗಾದರೆ ಒಂದೊಂದರ ಬೆಲೆ ಎಷ್ಟು? ಎರಡು ಖರೀದಿಗಳನ್ನು ಕೂಡಿಸಿದರೆ ಎರಡು ಜಾತಿಯಲ್ಲಿಯೂ 16 ಹಣ್ಣುಗಳಾಗಿ ಬೆಲೆ 208 ಆಗುವುದು. ಆದುದರಿಂದ ಒಂದು ಮಾದಲಕ್ಕೂ ಒಂದು ಬೇಲಕ್ಕೂ ಕೂಡಿ 13. ಒಂದರಿಂದ ಇನ್ನೊಂದನ್ನು ಕಳೆದರೆ 2 ಹಣ್ಣುಗಳ ಬೆಲೆಗಳ ಅಂತರ 6, ಅಂದರೆ ಒಂದಕ್ಕೆ 3. ಮಾದಲಕ್ಕೆ 8, ಬೇಲಕ್ಕೆ 5 ಎಂದು ತಿಳಿಯಿತು. ಈಗಿನ ಬೀಜಗಣಿತದ ಎರಡು ಸಮೀಕರಣಗಳು ಹಣ್ಣಿನ ಬುಟ್ಟಿಯಲ್ಲಿ ಅಡಗಿವೆ.

ಮತ್ತೊಂದು ಲೆಕ್ಕದಲ್ಲಿ ಮೂವರು ವರ್ತಕರು ದಾರಿಯಲ್ಲಿ ಹಣದ ಚೀಲವೊಂದನ್ನು ಕಾಣುತ್ತಾರೆ. ಅದು ತನಗೆ ಸಿಕ್ಕಿದರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನದಾಗುವುದೆಂದು ಒಬ್ಬನೂ, ಮೂರರಷ್ಟೆಂದು ಇನ್ನೊಬ್ಬನೂ, ಐದರಷ್ಟೆಂದು ಮತ್ತೊಬ್ಬನೂ ಹೇಳುತ್ತಾರೆ. ಚೀಲದಲ್ಲಿ 15, ವರ್ತಕರ ಕೈಯಲ್ಲಿ ಕ್ರಮವಾಗಿ 1, 3, 5 ಎಂದು ಇಟ್ಟರೆ ಸರಿಹೋಗುವುದು. ವಾಚಕರು ಮನೆಮಕ್ಕಳನ್ನು ಕೂಡಿಸಿಕೊಂಡು ತಾಳೆ ನೋಡಬಹುದು.

ಈ ಚರಿತ್ರೆಯನ್ನು ನಾವು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ಪಂಜದ ಕಡೆಯ ತೋಟದ ಮನೆಯ ಹುಡುಗಿಯೊಬ್ಬಳು ತ್ರೈರಾಶಿಕದಲ್ಲಿ ಪದೇಪದೇ ತಪ್ಪುತ್ತಿದ್ದಳು. ನಾವು ಗದರಿಸಿದೆವು, ತಲೆಗೆ ಹತ್ತುವುದಿಲ್ಲವೆಂದು ಅವಳ ತಂದೆಗೂ ತಿಳಿಸಿದೆವು. ತಮ್ಮನು ಓದಿದರೆ ಸಾಕೆಂದು ಅವರು ಅವಳನ್ನು ಬಿಡಿಸಲು ಯೋಚಿಸಿದರು. ಆ ವಾರ ಅವಳ ಮನೆಗೆ ಹೋದಾಗ ಅಂಗಳದಲ್ಲಿ ಒಳ್ಳೆಮೆಣಸು ಒಣಗುತ್ತಿತ್ತು. ಹಸಿಯದು 3 ಕಿಲೊ ಒಣಗಿದರೆ ಸುಮಾರು 1 ಕಿಲೊ ಆಗುವುದೆಂದು ಅವಳೇ ಹೇಳಿದಳು. ಹಾಗಾದರೆ ಕೊಯ್ದ 24 ಕಿಲೊ ಎಷ್ಟಾದೀತೆಂದು ಕೇಳಲು, ಕಣ್ಣು ಮಿಟುಕಿಸುವಷ್ಟರಲ್ಲಿ 8 ಎಂದಳು. ಅದು ತ್ರೈರಾಶಿಕವೇ ಆಗಿತ್ತು. ತಪ್ಪು ಅವಳದಲ್ಲ, ಕರಿಹಲಗೆಯ ಮೇಲೆ ಬರಿಯ ಅಂಕಿಗಳನ್ನು ಬರೆದ ನಮ್ಮದೆಂದು ಆ ಅಂಗಳದಲ್ಲಿ ನಿಂತು ತಿಳಿದೆವು. ಅವಳ ತಂದೆಯ ಮುಂದೆ ಹಾಗೆಯೇ ಒಪ್ಪಿಕೊಂಡೆವು. ಹುಡುಗಿ ಶಾಲೆಯಲ್ಲಿ ಉಳಿದಳು. ತ್ರೈರಾಶಿಕಕ್ಕೆ ಒಂದು ಅಧ್ಯಾಯವನ್ನೇ ಇಟ್ಟ ಆಚಾರ್ಯರನ್ನು ನಾವು ಮನಸ್ಸಿಟ್ಟು ಓದಿದ್ದು ಆ ಬಳಿಕವೇ.

ಅವರೂ ತಪ್ಪದವರಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವರು ಕಾರಣಸಹಿತವಾಗಿ ಹೇಳಿದರು. ಭಿನ್ನರಾಶಿಗಳನ್ನು ಕೂಡಿಸಲು ಲಘುತಮ ಸಾಮಾನ್ಯ ಅಪವರ್ತ್ಯವನ್ನು ಉಪಯೋಗಿಸುವ ನಿಯಮವನ್ನೂ ಕೊಟ್ಟರು. ಆದರೆ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗುವುದಿಲ್ಲವೆಂದು ಬರೆದದ್ದು ಸರಿಯಲ್ಲ. ಇಷ್ಟು ದೊಡ್ಡ ಪಂಡಿತರೇ ಎಡವಿದ ಸ್ಥಳದಲ್ಲಿ ಚಿಕ್ಕ ಹುಡುಗಿ ಎಡವಿದರೆ ನಾಚಿಸಬಾರದೆಂದು ಇದರಿಂದ ಕಲಿತೆವು.

ಆಚಾರ್ಯರ ತರುವಾಯ ಅವರ ಗ್ರಂಥವು ನಾಡನ್ನು ದಾಟಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ವಲ್ಲಭನೆಂಬವನು ಕನ್ನಡದಲ್ಲಿ ಟೀಕೆ ಬರೆದನು. 1908ರಲ್ಲಿ ರೋಮ್ ನಗರದ ಗಣಿತಜ್ಞರ ಅಂತರರಾಷ್ಟ್ರೀಯ ಸಭೆಯಲ್ಲಿ ಡೇವಿಡ್ ಯೂಜೀನ್ ಸ್ಮಿತ್ ಎಂಬವರು ಇದರ ವಿಷಯವಾಗಿ ಪ್ರಬಂಧವನ್ನು ಮಂಡಿಸಿದರು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಭಾಷಾಂತರದೊಡನೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಅವರು ಆಧಾರವಾಗಿಟ್ಟುಕೊಂಡ ಪ್ರತಿಗಳಲ್ಲಿ ಒಂದು, ನಮ್ಮ ಜಿಲ್ಲೆಯ ಮೂಡುಬಿದಿರೆಯ ಜೈನ ಮಠದ ಓಲೆಗರಿಯಿಂದ ಕನ್ನಡ ಅಕ್ಷರಗಳಲ್ಲಿ ಇಳಿಸಿಕೊಂಡದ್ದು. ಮಾನ್ಯಖೇಟದ ಅರಸನ ಕಾಲದ ವಿದ್ಯೆಯನ್ನು ನಮ್ಮ ನೆರೆಯವರೇ ಹೀಗೆ ಕಾಪಾಡಿದ್ದರು.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಅಡಿಕೆ ಮಾರಿದ ದಿನ, ಕೂಲಿ ಹಂಚುವ ಸಂಜೆ, ಸೊಸಾಯಿಟಿಯ ಸಾಲ ತೀರಿಸುವಾಗ ಮಗಳನ್ನು ಹತ್ತಿರ ಕೂರಿಸಿಕೊಂಡು ಲೆಕ್ಕವನ್ನು ಅವಳ ಕೈಗೆ ಕೊಡಿರಿ. ತಪ್ಪಿದರೆ ಇನ್ನೊಮ್ಮೆ ಕೊಡಿರಿ. ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಇದೇ ಮಾತು. ಹುಡುಗಿಗೆ ಲೆಕ್ಕ ಬಾರದೆಂದು ತೀರ್ಮಾನಿಸುವ ಮೊದಲು ಅವಳಿಗೆ ಬರುವ ಲೆಕ್ಕ ಯಾವುದೆಂದು ಕೇಳಿ ನೋಡಿರಿ. ಶಾಲೆಯಲ್ಲಿ ನಾವೂ ಹಾಗೆಯೇ ಕೇಳುತ್ತಿದ್ದೇವೆ.