ಎರಡು ಕಿವಿ ಏಕೆ ಬೇಕು? ಲಾರ್ಡ್ ರೇಲೀ ಹುಡುಕಿದ ಉತ್ತರ

ನಿಟ್ಟೂರಿನಿಂದ ಕೊಡಚಾದ್ರಿ ಕಡೆಗೆ ಹೋಗುವ ಕಾಡುದಾರಿಯ ತಿರುವಿನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಜೀಪು ಕಾಣುವುದಿಲ್ಲ, ಹಾರ್ನ್ ಮಾತ್ರ ಕೇಳಿಸುತ್ತದೆ. ಆದರೂ ಅದು ಎಡಗಡೆಯಿಂದಲೋ ಬಲಗಡೆಯಿಂದಲೋ ಎಂದು ಆ ಕ್ಷಣವೇ ಗೊತ್ತಾಗುತ್ತದೆ. ಒಂದು ಕಿವಿ ಕೇಳಿಸಿದರೆ ಸಾಕು, ಇನ್ನೊಂದು ಬರೀ ಸ್ಟೆಪ್ನಿ ಎಂದು ನಂಬಿದವರು ಈ ಹಾರ್ನ್ ಬಗ್ಗೆ ಯೋಚಿಸಬೇಕು. ಲಾರ್ಡ್ ರೇಲೀ ಇದನ್ನು ಮೂವತ್ತು ವರ್ಷ ಯೋಚಿಸಿದರು.

ಅವರ ಹೆಸರು ಜಾನ್ ವಿಲಿಯಂ ಸ್ಟ್ರಟ್. 1842ರಲ್ಲಿ ಇಂಗ್ಲೆಂಡಿನ ಜಮೀನ್ದಾರಿ ಮನೆತನದಲ್ಲಿ ಹುಟ್ಟಿದರು. ಆಕಾಶ ಏಕೆ ನೀಲಿ ಎಂಬುದನ್ನು 1871ರಲ್ಲಿ ವಿವರಿಸಿದವರು ಇವರೇ. ಮರುವರ್ಷ ಕೀಲುನೋವಿನ ಜ್ವರದಿಂದ ಹಾಸಿಗೆ ಹಿಡಿದರು. ಚೇತರಿಸಿಕೊಳ್ಳಲು ಈಜಿಪ್ಟಿಗೆ ಹೋದವರು ನೈಲ್ ನದಿಯ ದೋಣಿಯಲ್ಲೇ ಶಬ್ದದ ಬಗ್ಗೆ ದೊಡ್ಡ ಗ್ರಂಥವೊಂದನ್ನು ಬರೆಯಲು ಕೂತರು! 1873ರಲ್ಲಿ ತಂದೆ ತೀರಿಕೊಂಡು ರೇಲೀ ಪದವಿ ಬಂತು. ಆದರೆ ಜಮೀನಿನ ಉಸ್ತುವಾರಿಯನ್ನು ತಮ್ಮನಿಗೆ ಬಿಟ್ಟು, ಟರ್ಲಿಂಗ್‌ನ ಮನೆಯಲ್ಲೇ ಪ್ರಯೋಗಶಾಲೆ ಮಾಡಿಕೊಂಡರು.

ಆ ಮನೆಯ ಹುಲ್ಲುಹಾಸಿನ ಮೇಲೆ ಕಣ್ಣು ಮುಚ್ಚಿ ನಿಂತು, ಸುತ್ತ ನಿಂತವರಲ್ಲಿ ಯಾರು ಮಾತಾಡಿದರೆಂದು ಗುರುತಿಸುವುದು ಅವರ ಒಂದು ಪ್ರಯೋಗ. ಮಾತಾದರೆ ಸುಲಭ. ಶ್ರುತಿಕವೆಯ ಒಂಟಿ ಸ್ವರವಾದರೆ ಮುಂದೋ ಹಿಂದೋ ತಿಳಿಯದು, ಎಡ ಬಲ ಮಾತ್ರ ತಪ್ಪದು. ಏರುಸ್ವರಕ್ಕೆ ತಲೆ ಅಡ್ಡವಾಗಿ ಆಚೆ ಕಿವಿಗೆ ಸದ್ದು ಕಡಿಮೆಯಾಗುತ್ತದೆ, ಸರಿ. ಆದರೆ ತಗ್ಗುಸ್ವರ ತಲೆಯನ್ನು ಬಳಸಿಕೊಂಡು ಹೋಗುತ್ತದೆ, ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ ಜೋರು. ಹಾಗಿದ್ದೂ ದಿಕ್ಕು ತಿಳಿಯುವುದು ಹೇಗೆ?

ನಡುವೆ ಆರ್ಗಾನ್ ಅನಿಲದ ಶೋಧ, 1904ರಲ್ಲಿ ನೊಬೆಲ್, ರಾಯಲ್ ಸೊಸೈಟಿಯ ಅಧ್ಯಕ್ಷತೆ. ಪ್ರಶ್ನೆ ಮಾತ್ರ ಬಿಡಲಿಲ್ಲ. 1907ರಲ್ಲಿ, 64ರ ವಯಸ್ಸಿನಲ್ಲಿ, ಕೂದಲೆಳೆಯಷ್ಟು ಬೇರೆ ಶ್ರುತಿಯ ಎರಡು ಕವೆಗಳನ್ನು ಒಂದೊಂದು ಕಿವಿಗೆ ಕೇಳಿಸಿಕೊಂಡರು. ಸದ್ದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡಿದಂತೆ ಅನ್ನಿಸಿತು. ಅಲೆ ಯಾವ ಕಿವಿಗೆ ಮೊದಲು ಬಂತು ಎಂಬುದನ್ನೂ ಮಿದುಳು ಲೆಕ್ಕ ಹಾಕುತ್ತದೆ! ಆ ಅಂತರ ಹೆಚ್ಚೆಂದರೆ ಸೆಕೆಂಡಿನ ಹತ್ತು ಸಾವಿರ ಪಾಲಿನಲ್ಲಿ ಆರೇಳು ಪಾಲು. 1919ರಲ್ಲಿ ರೇಲೀ ತೀರಿಕೊಂಡರು.

ಈಗ ಎರಡೂ ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಗುವಿನ ವಿಷಯಕ್ಕೆ ಬನ್ನಿ. ಕಿವಿಯ ಹಿಂದಿನ ಪ್ರೊಸೆಸರ್ ಸದ್ದನ್ನು ಶ್ರುತಿಗೆ ತಕ್ಕಂತೆ ಹಲವು ಪಾಲು ಮಾಡಿ, ಪ್ರತಿ ಪಾಲಿನ ಏರಿಳಿತವನ್ನು ವಿದ್ಯುತ್ ಮಿಡಿತಗಳಾಗಿ ನರಕ್ಕೆ ಕಳಿಸುತ್ತದೆ. ಮಾತು ತಿಳಿಯಲು ಅಷ್ಟು ಸಾಕು. ಆದರೆ ಅಲೆಯ ಒಳಗಿನ ಆ ಸೂಕ್ಷ್ಮ ಸಮಯ ಬಹುಪಾಲು ಅಲ್ಲೇ ಸೋರಿಹೋಗುತ್ತದೆ. ಸಾಮಾನ್ಯವಾಗಿ ಎರಡು ಪ್ರೊಸೆಸರ್‌ಗಳ ಗಡಿಯಾರಗಳೂ ಒಂದಕ್ಕೊಂದು ಹೊಂದಿರುವುದಿಲ್ಲ. ಉಳಿಯುವುದು ಜೋರಿನ ವ್ಯತ್ಯಾಸ. ಅದಕ್ಕೂ ಒಂದು ಕುತ್ತು ಇದೆ: ಸದ್ದು ಹೆಚ್ಚಾದರೆ ಪ್ರೊಸೆಸರ್ ತಾನೇ ತಗ್ಗಿಸುತ್ತದೆ. ಜೀಪಿನ ಕಡೆಯ ಕಿವಿಯಲ್ಲಿ ಹಾರ್ನ್ ಹೆಚ್ಚು ತಗ್ಗಿ, ಇನ್ನೊಂದರಲ್ಲಿ ಕಡಿಮೆ ತಗ್ಗಿದರೆ ಎರಡೂ ಸಮವಾದಂತೆ ಕೇಳುತ್ತದೆ. ಹಾಗಾಗಿ ಎರಡೂ ಪ್ರೊಸೆಸರ್‌ಗಳು ನಿಸ್ತಂತುವಾಗಿ ಮಾತಾಡಿಕೊಂಡು ಸಮನಾಗಿ ತಗ್ಗಿಸುವ ವ್ಯವಸ್ಥೆ ಕೆಲವು ಸಾಧನಗಳಲ್ಲಿ ಬಂದಿದೆ.

ಇಷ್ಟೆಲ್ಲ ಕೊರತೆಯಿದ್ದರೂ ಒಂದಕ್ಕಿಂತ ಎರಡು ಇಂಪ್ಲಾಂಟ್ ಇರುವವರಿಗೆ ದಿಕ್ಕು ಚೆನ್ನಾಗಿ ತಿಳಿಯುತ್ತದೆ. ಮ್ಯಾಪಿಂಗ್‌ಗೆ ಹೋದಾಗ ಒಂದೊಂದು ಕಿವಿಯನ್ನು ಬೇರೆಯಾಗಿ ಸರಿಮಾಡಿದ ಮೇಲೆ, ಎರಡನ್ನೂ ಒಟ್ಟಿಗೆ ಹಾಕಿಸಿ ಜೋರು ಸಮವಾಗಿದೆಯೇ ಎಂದು ನೋಡಲು ಕೇಳಿ.